ಯಾವ ಕೈ?

“ಬರಿ ಮಾರಾಯ್ತಿ, ಬೇಡ ಅಂಬುದಿಲ್ಲೆ. ಹೆಸ್ರ್ ಮಾತ್ರ ಹಾಕ್ಬೇಡ. ಆಮೇಲ್ ಬಸ್ಸಗೆ ಕೂಕಂಡ್ರೆ ಜನ ನನ್ ಮೋರೆ ಕಾಂಬುಕ್ ಶುರು ಮಾಡ್ತ್ರ್.”

ಹೀಗೆಂದು ಅಪ್ಪಣೆ ಆಗಿರುವುದರಿಂದ ಅವರನ್ನು ಸಿಸ್ಟರ್ ಎಂದಷ್ಟೇ ಕರೆಯುತ್ತೇನೆ. ಕುಂದಾಪುರದ ಒಬ್ಬ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಈಗ ನಿವೃತ್ತಿಯಾಗಿ ತೆಕ್ಕಟ್ಟೆಯ ಮನೆಯಲ್ಲಿದ್ದಾರೆ. ನಿವೃತ್ತಿ ಎಂಬುದು ಹೆಸರಿಗೆ. ಬಸಳೆ ಚಪ್ಪರದ ಬುಡದಲ್ಲಿ ಒಂದು ಸ್ಟೂಲು ಹಾಕಿಕೊಂಡು ಅರ್ಧ ಊರಿನ ಬಿ.ಪಿ. ನೋಡುವುದು ಇನ್ನೂ ನಡೆದೇ ಇದೆ.

ನಾನು ಅವರನ್ನು ಮೊದಲು ಕಂಡದ್ದು ತೊಂಬತ್ತೇಳನೇ ಇಸವಿಯಲ್ಲಿ. ನನಗೆ ಆಗ ಹದಿಮೂರು. ಬ್ರಹ್ಮಾವರದ ಅಜ್ಜಿ ಮನೆಗೆ ಹೋದವಳು ಅಲ್ಲಿನ ನಾಯಿಯ ಬಾಲ ಎಳೆದು ಕಚ್ಚಿಸಿಕೊಂಡು ಬಂದಿದ್ದೆ. ಅಪ್ಪ ನನ್ನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರು. ಡಾಕ್ಟರು ಕೇಳಿದ್ದಕ್ಕೆಲ್ಲ ಅಪ್ಪನೇ ಉತ್ತರ ಕೊಟ್ಟರು. ಎಲ್ಲಿ ಕಚ್ಚಿತು, ಯಾವಾಗ ಕಚ್ಚಿತು, ನೋವು ಇದೆಯೋ ಇಲ್ಲವೋ, ಎಲ್ಲ. ನನ್ನ ಕಾಲು, ಅಪ್ಪನ ಬಾಯಿ. ಆಮೇಲೆ ಇಂಜೆಕ್ಷನ್ ಕೋಣೆಗೆ ಹೋದೆವು. ಅಲ್ಲಿ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡಿದ್ದ ಒಬ್ಬರು ಸಿರಿಂಜು ಹಿಡಿದು ಕೇಳಿದರು.

“ಯಾವ ಕೈ ಕೊಡ್ತ್ರಿ?”

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನನಗೆ ಅದುವರೆಗೆ ಯಾರೂ ಬಹುವಚನ ಹಚ್ಚಿರಲಿಲ್ಲ.

“ಎಡ್ಗೈಗ್ ಹಾಕಿ ಸಿಸ್ಟರೇ. ಬಲ್ಗೈಯಗೆ ಪರೀಕ್ಷೆ ಬರುಕಿತ್ತ್,” ಎಂದರು ಅಪ್ಪ.

“ನಾನ್ ಕೇಂಡದ್ದ್ ಅವ್ರತ್ರ.”

ಅಯ್ಯೋ, ನನಗಾದ ಖುಷಿ! ಅಪ್ಪನ ಮುಖ ನೋಡಿ, ಬೇಕೆಂದೇ ಬಲಗೈ ಚಾಚಿದೆ. ಸಿಸ್ಟರ್ ಮರುಮಾತಾಡದೆ ಚುಚ್ಚಿದರು. ಮಾರನೇ ದಿನ ಸಮಾಜದ ಪರೀಕ್ಷೆಯಲ್ಲಿ ತೋಳು ನೋಯುತ್ತ ನೋಯುತ್ತ ನಾನು ಬರೆದ ಅಕ್ಷರ ನನಗೇ ಓದಲು ಬರಲಿಲ್ಲ. ಎರಡನೇ ಇಂಜೆಕ್ಷನ್ನಿಗೆ ಹೋದಾಗ ಅವರು ಮತ್ತೆ ಕೇಳಿದರು, “ಯಾವ ಕೈ?” ನಾನು ಸುಮ್ಮನೆ ಎಡಗೈ ಕೊಟ್ಟೆ. ಅವರು ನಗಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದರು, ಅಷ್ಟೆ.

ಅವರ ಕ್ರಮಗಳೇ ಹಾಗೆ. ಹನ್ನೆರಡು ದಾಟಿದವರಿಗೆಲ್ಲ ಬಹುವಚನ. ಸಿಟ್ಟು ಬಂದರೆ ಮಾತ್ರ ಏಕವಚನ, ಅದು ಮೊಮ್ಮಕ್ಕಳನ್ನು ಕರೆತಂದ ಎಂಬತ್ತರ ಮುದುಕರಿಗೂ ಸಿಗುತ್ತಿತ್ತು. ಚುಚ್ಚುವ ಮೊದಲು “ಎಂತ ನೋಯುದಿಲ್ಲೆ ಪುಟ್ಟಾ” ಎಂಬ ಸುಳ್ಳು ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. “ನೋಯತ್. ಎಂಟ್ ಎಣ್ಸುವಷ್ಟ್ ಹೊತ್ತ್” ಎನ್ನುತ್ತಿದ್ದರು. ಮಕ್ಕಳು ಎಂಟು ಎಣಿಸುತ್ತಿದ್ದವು. ಡಾಕ್ಟರ ಕೋಣೆಯಲ್ಲಿ ಕುರ್ಚಿಗಳನ್ನೂ ಇವರೇ ಬದಲಾಯಿಸಿ ಇಟ್ಟಿದ್ದರು. ಮೇಜಿನ ಎದುರಿನ ಕುರ್ಚಿ ಮಗುವಿಗೆ, ಹಿಂದಿನ ಬೆಂಚು ತಂದೆತಾಯಿಗೆ. ಡಾಕ್ಟರು ಮೊದಮೊದಲು ಗೊಣಗಿದರಂತೆ. ಸಿಸ್ಟರ್ ರಜೆ ಹಾಕಿದ ದಿನ ಕುರ್ಚಿಗಳು ಹಳೆಯ ಜಾಗಕ್ಕೆ ಹೋಗುತ್ತಿದ್ದವು, ಅವರು ಬಂದ ದಿನ ಮತ್ತೆ ತಿರುಗುತ್ತಿದ್ದವು. ಕೊನೆಗೆ ಡಾಕ್ಟರೇ ಸೋತರು.

ಹದಿನೈದು ವರ್ಷದ ಮೇಲೆ ನಾನು ಅದೇ ಕ್ಲಿನಿಕ್ಕಿಗೆ ಹೋದದ್ದು ದೊಡ್ಡ ಜನ ಆಗಿ. ಮಂಗಳೂರಿನಲ್ಲಿ ಕಂಪ್ಯೂಟರ್ ಕಲಿತು ಬಂದು ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಸೆಂಟರ್ ತೆರೆದಿದ್ದೆ. ಟಚ್ ಫೋನುಗಳು ಆಗಷ್ಟೇ ಊರಿಗೆ ಬರುತ್ತಿದ್ದವು. ಡಾಕ್ಟರ ಬಳಿಗೆ ಬರುವ ಆರೇಳು ಹದಿಹರೆಯದ ಮಕ್ಕಳಿಗೆ ಸಕ್ಕರೆ ಕಾಯಿಲೆ ಇತ್ತು. ಚಿಕ್ಕಂದಿನಲ್ಲೇ ಬರುವಂಥದ್ದು, ದಿನಾ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು. ಬೆರಳು ಚುಚ್ಚಿ ನೋಡಿದ ಸಂಖ್ಯೆಯನ್ನು ಅವರು ಫೋನಿನಲ್ಲಿ ಹಾಕಿದರೆ ತನಗೂ ಮನೆಯವರಿಗೂ ತಿಳಿಯುವಂತೆ ಒಂದು ಆ್ಯಪ್ ಮಾಡಿಕೊಡು ಎಂದರು ಡಾಕ್ಟರು. ನಾನು ಒಂದು ತಿಂಗಳು ಕೂತು ಮಾಡಿದೆ. ಸಂಖ್ಯೆ ಸರಿ ಇದ್ದರೆ ಹಸಿರು, ಹೆಚ್ಚುಕಡಿಮೆ ಆದರೆ ಕೆಂಪು. ಹಾಕಿದ ಕೂಡಲೇ ತಾಯಿಯ ಫೋನಿಗೆ ಮೆಸೇಜು. ನೋಡಲು ಬಹಳ ಚೆಂದ ಇತ್ತು ಎಂದು ನಾನೇ ಹೇಳಬೇಕು, ಬೇರೆ ಯಾರೂ ಹೇಳಲಿಲ್ಲ.

ಸಿಸ್ಟರ್ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಮಾತು ಕೇಳಿದರು. “ಮಕ್ಳತ್ರ ಕೇಂಡ್ರ್ಯಾ?”

“ಮಕ್ಳತ್ರ ಎಂತ ಕೇಣುದ್ ಸಿಸ್ಟರ್? ಡಾಕ್ಟ್ರ್ ಹೇಳಿರಲೆ.”

“ಹ್ಞೂಂ,” ಎಂದು ಫೋನು ವಾಪಸು ಕೊಟ್ಟರು.

ಆ ಮಕ್ಕಳಲ್ಲಿ ಅಕ್ಷತಾ ಒಬ್ಬಳು. ಅದು ಅವಳ ನಿಜವಾದ ಹೆಸರಲ್ಲ. ಯಾವ ಹೆಸರು ಹಾಕಲಿ ಎಂದು ಅವಳನ್ನೇ ಕೇಳಿದೆ, ಇದನ್ನು ಆರಿಸಿಕೊಂಡಳು. ಕಡಲ ಬದಿಯ ಹುಡುಗಿ, ಹದಿನಾರು ವರ್ಷ, ಪಿ.ಯು.ಸಿ.ಯ ಮೊದಲ ವರ್ಷ. ಅಪ್ಪ ಬೋಟಿಗೆ ಹೋಗುತ್ತಿದ್ದರು. ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದರು. ಮುಂಬಯಿಯ ಹೋಟೆಲಿನಲ್ಲಿದ್ದ ಮಾವ ತನ್ನ ಹಳೆಯ ಟಚ್ ಫೋನನ್ನು ಇವಳಿಗೆ ಕಳಿಸಿಕೊಟ್ಟಿದ್ದರು. ನನ್ನ ಆ್ಯಪಿನ ಗ್ರಾಫಿನಲ್ಲಿ ಇವಳ ಗೆರೆಯಷ್ಟು ಚೆಂದದ ಗೆರೆ ಇನ್ನೊಂದಿರಲಿಲ್ಲ. ಮೊದಲ ವಾರ ಒಂದೆರಡು ಕೆಂಪು ಕಂಡದ್ದು ಬಿಟ್ಟರೆ ಮತ್ತೆಲ್ಲ ಹಸಿರೋ ಹಸಿರು. ನೂರ ಹದಿನೈದು, ನೂರ ಹದಿನೆಂಟು, ನೂರ ಹದಿನಾಲ್ಕು. ನಾನು ಅದನ್ನು ದೊಡ್ಡ ಕಾಗದದಲ್ಲಿ ಪ್ರಿಂಟ್ ಹಾಕಿ ಕ್ಲಿನಿಕ್ಕಿನ ಗೋಡೆಗೆ ಅಂಟಿಸಲು ಹೋದೆ.

ಸಿಸ್ಟರ್ ಕನ್ನಡಕ ಏರಿಸಿ ನೋಡಿದರು. “ಇದ್ ಸುಳ್ಳ್.”

“ಎಂತ ಸುಳ್ಳ್?”

“ಇಷ್ಟ್ ಚೆಂದದ ನಂಬ್ರ ಯಾರ್ ಮೈಯಗೂ ಇರುದಿಲ್ಲೆ. ಮೈ ಅಂದ್ರೆ ಮೇಲ್ ಕೆಳ್ಗ್ ಆತ್ತೇ ಇರತ್.”

ನನಗೆ ರೇಗಿತು. ಕಂಪ್ಯೂಟರ್ ಓದಿದವಳು ನಾನಾ, ಇವರಾ? “ನಿಮ್ಗ್ ಹೊಸ್ತ್ ಕಂಡ್ರಾತಿಲ್ಲೆ ಸಿಸ್ಟರ್,” ಎಂದುಬಿಟ್ಟೆ. ಅವರು ಹುಡುಗಿಯನ್ನು ಸೋಮವಾರ ಕರೆಸಲು ಚೀಟಿ ಬರೆದಿಟ್ಟರು. ಸೋಮವಾರದವರೆಗೆ ಕಾಯುವ ಹಾಗಾಗಲಿಲ್ಲ. ಶನಿವಾರ ಬೆಳಿಗ್ಗೆ ಅಕ್ಷತಾ ಕಾಲೇಜಿನ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡು ಕುಸಿದಳು. ಆಸ್ಪತ್ರೆಗೆ ಸೇರಿಸಿದಾಗ ಮೀಟರು ಅಳೆಯಲಾರದಷ್ಟು ಸಕ್ಕರೆ ಏರಿತ್ತು. ಎರಡು ದಿನ ಐ.ಸಿ.ಯು.ನಲ್ಲಿದ್ದಳು. ಆ ಎರಡು ದಿನ ನಾನು ಅನ್ನ ಉಂಡ ನೆನಪಿಲ್ಲ.

ಅವಳ ಚೀಲದಲ್ಲಿದ್ದ ಮೀಟರನ್ನು ಸಿಸ್ಟರ್ ಒತ್ತಿ ನೋಡಿದರು. ನೋಡಿದ ಸಂಖ್ಯೆಗಳೆಲ್ಲ ಅದರಲ್ಲಿ ಉಳಿದಿರುತ್ತವೆ. ಹನ್ನೆರಡು ದಿನದಿಂದ ಒಂದೂ ಇರಲಿಲ್ಲ. ಮಧ್ಯಾಹ್ನದ ಇನ್ಸುಲಿನ್ನನ್ನೂ ಅವಳು ಬಿಟ್ಟಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ನಾನು, “ಎಷ್ಟ್ ಸುಳ್ಳ್ ಹೇಳತ್ ಸಿಸ್ಟರ್ ಆ ಹೆಣ್ಣ್!” ಎಂದೆ.

ಅವರು ನನ್ನ ಕಡೆ ತಿರುಗಿದರು. “ಸುಳ್ಳ್ ಹೇಳುವಂಗ್ ಮಾಡ್ದದ್ದ್ ಯಾರ್? ನೀನ್. ಆ ಹೆಣ್ಣಿನತ್ರ ಒಂದ್ ಮಾತ್ ಕೇಂಡ್ಯಾ ನೀನ್?”

ಹದಿನೈದು ವರ್ಷದಲ್ಲಿ ಮೊದಲ ಸಲ ನನಗೆ ಏಕವಚನ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೂ ಅದೇ ನಡೆದು ಬಂದಿದೆ. ಈಗ ಅದರಲ್ಲಿ ಸಿಟ್ಟಿಲ್ಲ, ಆ ದಿನ ಇತ್ತು.

ವಾರ್ಡಿಗೆ ತಂದ ಮೇಲೆ ಸಿಸ್ಟರ್ ಮಂಚದ ಪಕ್ಕ ಕೂತು ಅವಳನ್ನು ಬೈಯದೆ ಕೇಳಿದರು, “ಫೋನಗೆ ನಿಜ ಹಾಕ್ರೆ ಎಂತಾತಿತ್ತ್? ನಂಗ್ ಗೊತ್ತಿಲ್ಲೆ, ಅದ್ಕ್ ಕೇಂತೆ.”

ಅಕ್ಷತಾ ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಹೇಳಿದಳು.

“ಅಮ್ಮಂಗೆ ಓದುಕ್ ಬತ್ತಿಲ್ಲೆ. ನಾನ್ ಕಾಲೇಜಗಿರ್ತೆ. ಮೆಸೇಜ್ ಬಂದ್ ಕೂಡ್ಲೇ ಮೀನ್ ತಕಂಬರ ಕೈಯಗೆ ಫೋನ್ ಕೊಟ್ಟ್ ‘ಇದ್ರಗೆ ಎಂತ ಇತ್ತ್, ಓದಿ ಕಾಂಬ’ ಅಂತ್ರ್. ಒಬ್ರ್ ಮೆಂತೆ ನೀರ್ ಕೊಡಿ ಅಂದ್ರ್, ಇನ್ನೊಬ್ರ್ ಹಾಗಲಕಾಯಿ ಕೊಟ್ ಕಳ್ಸಿರ್. ‘ಇನ್ ಈ ಹೆಣ್ಣಿನ ಯಾರ್ ಮದಿ ಆತ್ರ್’ ಅಂದ್ರ್ ಮತ್ತೊಬ್ರ್. ನನ್ ಕ್ಲಾಸಿನ್ ಹುಡ್ಗನ್ ಮನೆಯಗೂ ಓದ್ಸಿರ್ ಸಿಸ್ಟರೇ! ಮರ್ದಿನ ಅಂವ ಎಲ್ಲರೆದ್ರಿಗೆ ‘ನಿಂಗ್ ಇನ್ನೂರೆಂಬತ್ತ್ ಅಂಬ್ರಲೆ’ ಅಂದ. ಹಸ್ರ್ ಇದ್ರೆ ಅಮ್ಮ ಖುಷಿಯಲ್ಲ್ ಇರ್ತ್ರ್. ಅದ್ಕೇ ಹಸ್ರ್ ಹಾಕ್ದೆ.”

ನಾನು ಅಲ್ಲೇ ನಿಂತಿದ್ದೆ. ಆ ಮೆಸೇಜುಗಳನ್ನು ಯಾರು ಓದುತ್ತಾರೆ ಎಂದು ಯೋಚಿಸಿದವಳೇ ಅಲ್ಲ ನಾನು. ನಾಚಿಕೆಯಿಂದ ಸತ್ತೇ ಹೋದೆ.

ಮಂಚದ ಕಾಲಬುಡದಲ್ಲಿ ಕೂತಿದ್ದ ತಾಯಿ ಸೆರಗಲ್ಲಿ ಮುಖ ಒರೆಸಿಕೊಂಡರು. “ನಾ ಯಾರತ್ರ ಓದ್ಸುದ್ ಹಂಗಾರೆ? ನಂಗ್ ಹೆದ್ರಿಕಿ ಆತಿತ್ತ್ ಮಗಾ.” ಆಮೇಲೆ ಸಿಸ್ಟರ ಕಡೆ ನೋಡಿ ಗಟ್ಟಿಯಾಗಿ ಹೇಳಿದರು, “ಇನ್ ಕಾಲೇಜ್ ಸಾಕ್ ಸಿಸ್ಟರೇ. ಮನೆಯಗಿರ್ಲಿ, ನನ್ ಕಣ್ಣೆದ್ರಿಗೆ. ಜೀವ ಇದ್ರೆ ಸಾಕ್ ನಂಗೆ.”

ಅಕ್ಷತಾ ಕೈಗೆ ಹಾಕಿದ್ದ ಡ್ರಿಪ್ಪಿನ ನಳಿಗೆಯನ್ನೂ ಮರೆತು ಎದ್ದು ಕೂತಳು. ಕಾಲೇಜು ಬಿಡಿಸುವುದೆಂದರೆ ಅವಳಿಗೆ ಅಲ್ಲಿಗೆ ಎಲ್ಲವೂ ಮುಗಿದ ಹಾಗೆ. ತಾಯಿಯದು ತಪ್ಪೆಂದು ಹೇಳುವ ಹಾಗೂ ಇರಲಿಲ್ಲ. ಸಾವು ಹೊಸ್ತಿಲವರೆಗೆ ಬಂದು ಹೋಗಿತ್ತು.

ಸಿಸ್ಟರ್ ಚೌಕಾಶಿಗೆ ಇಳಿದರು. ಮುಂದಿನ ತಿಂಗಳು ಬೈಂದೂರಿನ ಆಚೆಯ ಒಂದು ಶಾಲೆಯಲ್ಲಿ ಕಾಲೇಜಿನ ಎನ್.ಎಸ್.ಎಸ್. ಶಿಬಿರ ಇತ್ತು, ಏಳು ದಿನ. “ಅದ್ಕ್ ಕಳ್ಸಿ. ಅಲ್ಲಿ ತನ್ನಷ್ಟಕ್ಕೆ ಸಂಬಾಳ್ಸ್ಕಂಡ್ರೆ ಕಾಲೇಜ್. ಇಲ್ದಿರೆ ನೀವ್ ಹೇಳ್ದಂಗೇ ಆಯ್ಲಿ, ನಾ ಬಾಯಿ ತೆಗುದಿಲ್ಲೆ. ಅಲ್ಲಿವರೆಗೂ ಜವಾಬ್ದಾರಿ ನಂದ್.” ಆಮೇಲೆ ಹುಡುಗಿಯ ಕಡೆ ತಿರುಗಿ, “ನಿಮ್ಗ್ ಒಪ್ಪಿಗೆಯಾ?” ಎಂದು ಕೇಳಿದರು. ಅವಳು ತಲೆಯಾಡಿಸಿದಳು. ತಾಯಿ ಮಾತ್ರ ಹೌದು ಎನ್ನಲು ಮೂರು ದಿನ ತೆಗೆದುಕೊಂಡರು.

ಮುಂದಿನ ಮೂರು ಭಾನುವಾರ ನನ್ನ ಸೆಂಟರಿನಲ್ಲಿ ಆರು ಮಕ್ಕಳು ಸೇರಿದರು. ಸಿಸ್ಟರ್ ಹಿಂದಿನ ಸಾಲಿನಲ್ಲಿ ಕೊಡೆ ಹಿಡಿದು ಕೂತರು. ನನಗೆ ಕೊಟ್ಟ ಆಜ್ಞೆ, “ನೀನ್ ಬಾಯ್ ಮುಚ್ಕಂಡ್ ಬರ್ಕೋ.” ಮಕ್ಕಳು ಮೊದಲ ಅರ್ಧ ಗಂಟೆ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಶುರು ಮಾಡಿದರು ನೋಡಿ, ನನ್ನ ಆ್ಯಪಿನ ಮಾನ ಉಳಿಯಲಿಲ್ಲ.

“ಹ್ವಾಯ್ ಅಕ್ಕಾ, ಇದ್ರಗೆ ಗಂಜಿ ಎಲ್ಲಿತ್ತ್?”

ಇರಲಿಲ್ಲ. ತಿಂಡಿಯ ಪಟ್ಟಿಯನ್ನು ನಾನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡಿದ್ದೆ. ಓಟ್ಸ್ ಇತ್ತು, ಗೋಧಿ ಬ್ರೆಡ್ ಇತ್ತು. ದಿನಾ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಉಂಡು ಬರುವ ಊರಿನಲ್ಲಿ ಗಂಜಿಯೇ ಇರಲಿಲ್ಲ. ನಾನೂ ಅದನ್ನೇ ಉಂಡು ಬಂದು ಆ ಪಟ್ಟಿ ಮಾಡಿದ್ದೆ ಎಂಬುದು ಇನ್ನೂ ಚೆಂದ. ಕಪ್ಪಿನ ಲೆಕ್ಕ ಬೇಡ, ಸಟ್ಟುಗದ ಲೆಕ್ಕ ಹಾಕಿ, ಎಲ್ಲರ ಮನೆಯಲ್ಲೂ ಇರುವುದು ಅದೇ ಎಂದರು. ಕೆಂಪು ಬಣ್ಣ ತೆಗೆಯಿರಿ, ಫೇಲಾದ ಹಾಗೆ ಕಾಣುತ್ತದೆ ಎಂದರು. ಕಾಲೇಜಿನಲ್ಲಿ ಚುಚ್ಚಿಕೊಳ್ಳಲು ಜಾಗವಿಲ್ಲ, ಟಾಯ್ಲೆಟ್ಟಿನಲ್ಲಿ ನಿಂತು ಚುಚ್ಚಿಕೊಳ್ಳಬೇಕು ಎಂದಳು ಒಬ್ಬಳು. ಅಕ್ಷತಾ ಮಧ್ಯಾಹ್ನದ ಇನ್ಸುಲಿನ್ ಬಿಟ್ಟದ್ದೂ ಅದಕ್ಕೇ ಎಂದು ಆಗ ಗೊತ್ತಾಯಿತು. ಅದು ಆ್ಯಪಿನಿಂದ ಸರಿಯಾಗುವಂಥದ್ದಲ್ಲ. ಸಿಸ್ಟರ್ ಮಕ್ಕಳ ಒಪ್ಪಿಗೆ ಕೇಳಿಕೊಂಡು ಕಾಲೇಜುಗಳಿಗೆ ಹೋಗಿ ಮಾತಾಡಿ ಬಂದರು.

ಅಕ್ಷತಾ ಕೇಳಿದ್ದು ಇನ್ನೊಂದು. “ಹೇಳುಕ್ ಮನಸಿಲ್ಲೆ ಅಂದ್ಹೇಳಿ ಒಂದ್ ಬಟನ್ ಇಡಿ.”

ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. “ಹೇಳುದೇ ಇಲ್ದಿರೆ ಈ ಆ್ಯಪ್ ಎಂತಕ್ ಮತ್ತೆ?”

“ಸುಳ್ಳ್ ಹಸ್ರ್ ಬರುಕಿಂತ ಒಳ್ಳೆದಲ್ದಾ?” ಎಂದರು ಹಿಂದಿನಿಂದ ಸಿಸ್ಟರ್. ಆ ಬಟನ್ ಇಟ್ಟೆ.

ಯಾರಿಗೆ ತಿಳಿಸಬೇಕು ಎಂಬುದನ್ನು ಪ್ರತಿ ಸಲ ತಾವೇ ಆರಿಸಬೇಕು ಎಂದು ಎಲ್ಲರೂ ಹೇಳಿದರು. ಡಾಕ್ಟರು ಇದಕ್ಕೆ ಒಪ್ಪಲಿಲ್ಲ. ಜೀವದ ಪ್ರಶ್ನೆ ಬಂದಾಗ ಆರಿಸುತ್ತ ಕೂರಲಾಗದು ಎಂದರು. ಆ ಮಾತೂ ಸರಿಯೇ. ಸಿಸ್ಟರ್ ಅದನ್ನೂ ಮಕ್ಕಳ ಎದುರಿಗೇ ಇಟ್ಟರು. ಒಂದಿಡೀ ಭಾನುವಾರ ಜಗಳವಾಡಿ ಅವರೇ ಗಡಿ ಹಾಕಿಕೊಂಡರು. ಅರವತ್ತಕ್ಕಿಂತ ಇಳಿದರೆ, ಮುನ್ನೂರಕ್ಕಿಂತ ಏರಿದರೆ, ಕೇಳದೆಯೇ ಸಿಸ್ಟರಿಗೆ ಹೋಗಬೇಕು. ನಡುವಿನದ್ದೆಲ್ಲ ತಮ್ಮದು. ಡಾಕ್ಟರು ಓದಿ ನೋಡಿ ಸಹಿ ಹಾಕಿದರು.

ಉಳಿದದ್ದು ಅಕ್ಷತಾಳ ಅಮ್ಮ. ಅವರಿಗೆ ತಿಳಿಯಬೇಕು, ಅವರು ಯಾರಿಂದಲೂ ಓದಿಸಬಾರದು. ನಾನು ಧ್ವನಿ ಸಂದೇಶ, ಅದು, ಇದು ಎಂದು ತಲೆ ಕೆಡಿಸಿಕೊಂಡೆ. ಅಕ್ಷತಾ ಒಂದೇ ಮಾತಿನಲ್ಲಿ ಮುಗಿಸಿದಳು. “ಮಿಸ್ ಕಾಲ್ ಕೊಡ್ತೆ. ಒಂದ್ ಕೊಟ್ರೆ ಅಡ್ಡಿಲ್ಲೆ ಅಂತ. ಎರಡ್ ಕೊಟ್ರೆ ಪುರ್ಸೊತ್ತಾದಾಗ ಫೋನ್ ಮಾಡ್ ಅಂತ.” ಅಷ್ಟು ಓದಿದ ನನಗೆ ಹೊಳೆಯದ್ದು!

ಶಿಬಿರಕ್ಕೆ ಹೊರಟ ದಿನ ತಾಯಿ ಬಸ್ಸಿನ ಕಿಟಕಿಯ ಹತ್ತಿರ ನಿಂತಿದ್ದರು. ದಿನಾ ಸಂಜೆ ಒಂದು ಮಿಸ್ ಕಾಲ್ ಬರುತ್ತಿತ್ತು. ಮೊದಲ ದಿನ ಬಂತು, ಎರಡನೇ ದಿನ ಬಂತು, ಮೂರನೇ ದಿನವೂ ಬಂತು. ನಾಲ್ಕನೇ ದಿನ ನಾನು ಕ್ಲಿನಿಕ್ಕಿನ ಪ್ರಿಂಟರ್ ರಿಪೇರಿ ಮಾಡುತ್ತ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಆ ತಾಯಿ ಬುಟ್ಟಿ ಸಮೇತ ಒಳಗೆ ಬಂದರು. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದೆ.

“ಎರಡ್ ಮಿಸ್ ಕಾಲ್ ಬಂತ್ ಸಿಸ್ಟರೇ. ಒಬ್ರ್ ಜಗ್ಲಿಯಗೆ ಬಂಗ್ಡಿ ಮೀನ್ ಆರ್ಸಿ ಹಾಕ್ತಿದ್ದೆ. ಫೋನ್ ಮಾಡ್ದೆ. ‘ಅಮ್ಮ, ಅರ್ವತ್ತೆರ್ಡಕ್ಕ್ ಇಳ್ದಿತ್ತ್, ಕೈ ನಡ್ಗತಿತ್ತ್. ಗ್ಲೂಕೋಸ್ ಕುಡ್ದೆ, ಕಾಲ್ ಗಂಟಿ ಬಿಟ್ ನೋಡ್ದೆ, ತೊಂಬತ್ನಾಕ್ ಆಯಿತ್ತ್. ಈಗ ಊಟಕ್ ಕೂಕಂತೆ. ನಿಂಗ್ ಹೇಳ್ಕ್ ಅಂತ ಕಂಡ್ತ್, ಹೇಳ್ದೆ’ ಅಂದ್ಳ್.”

ಅರವತ್ತೆರಡು ಅಂದರೆ ಸಿಸ್ಟರಿಗೆ ತಾನಾಗಿ ಹೋಗುವ ಗಡಿಗಿಂತ ಎರಡು ಹೆಚ್ಚು. ಹೇಳಲೇಬೇಕೆಂದಿರಲಿಲ್ಲ. ಅವಳೇ ಹೇಳಿದ್ದಳು.

ತಾಯಿ ಬುಟ್ಟಿ ಕೆಳಗಿಟ್ಟು ಬೆಂಚಿನಲ್ಲಿ ಕೂತರು. “ಮೀನ್ ತಕಂಬರ್ ಕೇಂಡ್ರ್, ‘ಯಾರ್ದ್ ಫೋನ್, ಮಗಳ್ದಾ? ಶುಗರ್ ಎಷ್ಟಂಬ್ರ್?’ ಅಂತ. ನಾನ್ ‘ಊಟ ಆಯ್ತಾ ಕೇಂಡ್ಳ್, ಬೇರೆಂತ ಇಲ್ಲೆ’ ಅಂದೆ. ಹೊಟ್ಟಿಯಗೆ ಇಟ್ಕಂಬುಕ್ ಆಯ್ಲಿಲ್ಲೆ. ನಿಮ್ಮತ್ರ ಹೇಳ್ಲಕ್ಕಲೆ ಅಂತ ಓಡ್ಕಂಡ್ ಬಂದೆ.”

ಹೀಗೆಂದು ಅವರು ಅತ್ತರು, ನಕ್ಕರು, ಎರಡೂ ಒಟ್ಟಿಗೆ. ನನಗೂ ಕಣ್ಣು ತುಂಬಿತು. ಸಿಸ್ಟರ್ ಮಾತ್ರ ಬುಟ್ಟಿಯ ಮುಚ್ಚಳ ಸರಿಸಿ, “ಬಂಗ್ಡಿ ಉಳ್ದಿತ್ತಾ?” ಎಂದು ಕೇಳಿದರು. ಆ ಹುಡುಗಿ ಕಾಲೇಜು ಬಿಡಲಿಲ್ಲ.

ಅದಾಗಿ ಆರೇಳು ವರ್ಷ ಆಯಿತು. ಅಕ್ಷತಾ ಈಗ ಬ್ರಹ್ಮಾವರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನಾ ಊರವರ ರಕ್ತ ತೆಗೆಯುತ್ತಾಳೆ. ಆ್ಯಪು ನಾಲ್ಕು ಸಲ ಹೊಸದಾಗಿದೆ, ಪ್ರತಿ ಸಲವೂ ಹೊಸ ಮಕ್ಕಳು ಬಂದು ನನ್ನ ಮಾನ ಕಳೆದಿದ್ದಾರೆ.

ಕಳೆದ ತಿಂಗಳು ನಾವಿಬ್ಬರೂ ತೆಕ್ಕಟ್ಟೆಗೆ ಸಿಸ್ಟರನ್ನು ನೋಡಲು ಹೋದೆವು. ಅವರಿಗೂ ಈಗ ಎರಡು ವರ್ಷದಿಂದ ಸಕ್ಕರೆ. ಸೊಸೆ ಒಂದು ಪುಸ್ತಕ ಮಾಡಿಕೊಟ್ಟಿದ್ದಾಳೆ, ದಿನಾ ಬೆಳಿಗ್ಗೆ ನೋಡಿ ಅದರಲ್ಲಿ ಬರೆಯುತ್ತಾರೆ. ಅಕ್ಷತಾ ಪುಸ್ತಕ ತೆರೆದಳು. ದುಂಡಗಿನ ಅಕ್ಷರದಲ್ಲಿ ನೂರ ಹದಿನೆಂಟು, ನೂರ ಇಪ್ಪತ್ತು, ನೂರ ಹತ್ತೊಂಬತ್ತು. ಪುಟದ ತುಂಬ ಅದೇ.

ಅವಳು ಪುಸ್ತಕ ಮುಚ್ಚಿದಳು. “ಸಿಸ್ಟರೇ, ಇಷ್ಟ್ ಚೆಂದದ ನಂಬ್ರ ಯಾರ್ ಮೈಯಗೂ ಇರುದಿಲ್ಲೆ.”

ಸಿಸ್ಟರ್ ಬಸಳೆ ಚಪ್ಪರದ ಕಡೆ ನೋಡಿದರು. ಜಡೆ ಈಗ ಪೂರ್ತಿ ಬಿಳಿ. ಆಮೇಲೆ ದನಿ ತಗ್ಗಿಸಿ, “ಸೊಸಿ ದಿನಾ ಕಾಣತ್ ಮಾರಾಯ್ತಿ. ಹೆಚ್ಚ್ ಬರ್ದ್ರೆ ಹಲ್ಸಿನ್ಹಣ್ಣ್ ಮುಟ್ಟುಕ್ ಬಿಡುದಿಲ್ಲೆ,” ಎಂದರು.

ನಾನು ಬಿದ್ದು ಬಿದ್ದು ನಕ್ಕೆ. ಅಕ್ಷತಾ ನಗಲಿಲ್ಲ. ಚೀಲದಿಂದ ತನ್ನ ಮೀಟರು ತೆಗೆದು ಹೊಸ ಸೂಜಿ ಹಾಕಿದಳು. ಚಹಾ ತಂದ ಸೊಸೆ ಅದನ್ನು ಕಂಡು, “ಅತ್ತಿಗ್ ಎಡ್ಗೈಯಗೇ ನೋಡುದ್, ನಡು ಬೆರ್ಳಗೆ,” ಎಂದಳು.

“ತಡಿನಿ ಅಕ್ಕ, ಅವ್ರತ್ರ ಕೇಂತೆ,” ಎಂದಳು ಅಕ್ಷತಾ. ಸ್ಟೂಲನ್ನು ಹತ್ತಿರ ಎಳೆದುಕೊಂಡು ಅವರ ಎದುರು ಕೂತಳು. “ಯಾವ ಕೈ ಸಿಸ್ಟರೇ?”

ಸಿಸ್ಟರ್ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. ಮೂವತ್ತು ವರ್ಷ ಬೇರೆಯವರನ್ನು ಕೇಳಿದವರು. ಅವರನ್ನು ಇದುವರೆಗೆ ಯಾರೂ ಕೇಳಿರಲಿಲ್ಲವೋ ಏನೋ. ಕಣ್ಣು ಒರೆಸಿಕೊಂಡು ಬಲಗೈ ಚಾಚಿದರು.

“ನೋಯತ್, ಹಾಂ,” ಎಂದಳು ಅಕ್ಷತಾ.

“ಗೊತ್ತಿತ್ತ್, ಚುಚ್ಚಿ.”

ಬಂದ ಸಂಖ್ಯೆಯನ್ನು ಅವಳು ಸಿಸ್ಟರಿಗೆ ಮಾತ್ರ ತೋರಿಸಿದಳು. ಅವರು ಕನ್ನಡಕ ಏರಿಸಿ ನೋಡಿದರು. ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, “ಕಾಣ್, ಇಲ್ಲ್ ಬರೀತೆ” ಎಂದು ತಾವೇ ಪೆನ್ನು ತೆಗೆದುಕೊಂಡರು. ಹೊರಡುವಾಗ ನಾನು ಕೇಳಿದೆ, ನಿಮ್ಮ ಬಗ್ಗೆ ಬರೆಯಲೇ ಎಂದು. ಅದಕ್ಕೆ ಅವರು ಹೇಳಿದ್ದನ್ನು ಮೊದಲೇ ಬರೆದಿದ್ದೇನೆ. ಆ ಸಂಖ್ಯೆ ಎಷ್ಟೆಂದು ಹಾಕಲೇ ಎಂದೂ ಕೇಳಿದೆ. ಬೇಡ ಎಂದರು. ಹಾಕಿಲ್ಲ.